ತಿಪ್ಪೇಶನ ಕಿವಿ

ಬೀರೂರು–ಯಗಟಿ ಖಾಸಗಿ ಬಸ್ಸಿನ ಕಂಡಕ್ಟರ್ ಹೇಮಂತನಿಗೆ ಈ ಲೋಕದಲ್ಲಿ ಹೊಟ್ಟೆಕಿಚ್ಚು ಇದ್ದದ್ದು ಒಬ್ಬನ ಮೇಲೆ ಮಾತ್ರ. ಬೇರೆಯವರ ಮೇಲೂ ಸ್ವಲ್ಪ ಪಡೋಣವೆಂದರೆ ಮಿಗುತ್ತಿರಲಿಲ್ಲ. ಇದ್ದದ್ದೆಲ್ಲ ತಿಪ್ಪೇಶನಿಗೇ ಖರ್ಚಾಗಿಬಿಡುತ್ತಿತ್ತು.

ತಿಪ್ಪೇಶ ಯಗಟಿಯಲ್ಲಿ ಹೇಮಂತನ ಬೀದಿಯವನೇ, ಕುರಿ ಸಾಕುವ ರಾಮಯ್ಯನ ಮಗ. ಕಡೂರಿನ ಕಾಲೇಜಿನಲ್ಲಿ ಇಬ್ಬರೂ ಒಂದೇ ಕಬಡ್ಡಿ ತಂಡದಲ್ಲಿದ್ದರು. ಈಗ ಹೇಮಂತ ಟಿಕೆಟ್ ಹರಿಯುತ್ತಾನೆ. ತಿಪ್ಪೇಶ ರಗ್ಬಿ ಆಡುತ್ತಾನೆ, ಅದೂ ಸಂಬಳಕ್ಕೆ. ಮೊದಲು ರಾಜ್ಯ ತಂಡ, ಆಮೇಲೆ ಕೋಲ್ಕತ್ತದ ಒಂದು ಕ್ಲಬ್, ಮೂರು ವರ್ಷದಿಂದ ಕೊಲಂಬೊ.

ರಗ್ಬಿ ಎಂದರೇನು ಎಂದು ಬಸ್ಸಿನವರಿಗೆ ತಿಳಿಸಿ ಹೇಳುವ ಕೆಲಸ ಹೇಗೋ ಹೇಮಂತನ ತಲೆಗೇ ಬಂದಿತ್ತು.

"ಸುಲಿಯದೇ ಇರೋ ತೆಂಗಿನಕಾಯಿ ಥರ ಚೆಂಡು ಕಣಜ್ಜಿ. ಅದನ್ನ ಹಿಡ್ಕೊಂಡು ಓಡೋರು ಹಿಂದೆ ಇರ್ತಾರೆ. ಮುಂದೆ ಎಂಟು ಜನ ಒಬ್ಬರನ್ನೊಬ್ಬರು ತಬ್ಬಿ, ಆ ಕಡೆ ಎಂಟು ಜನಕ್ಕೆ ಟಗರು ಡಿಕ್ಕಿ ಕೊಟ್ಟಂಗೆ ಕೊಟ್ಟು ತಳ್ತಾರೆ. ತಿಪ್ಪೇಶ ತಳ್ಳೋ ಗಿರಾಕಿ. ಮೊದಲನೇ ಸಾಲು."

"ತಳ್ಳೋಕೂ ಸಂಬಳ ಕೊಡ್ತಾರಾ?" ಎಂದಳು ಸಂತೆಗೆ ಸೊಪ್ಪು ಒಯ್ಯುವ ಪಾಪಮ್ಮ. "ಹಂಗಾರೆ ನಿಮ್ಮ ಬಸ್ ತಳ್ಳಿದ್ದಕ್ಕೆ ನಮ್ಗೆಲ್ಲ ಪಿಂಚಣಿ ಬರ್ಬೇಕಿತ್ತು ಕಣೋ."

ತಿಪ್ಪೇಶನ ಆಟ ಮೊಬೈಲಿನಲ್ಲಿ ನೇರ ಬರುವಾಗ ನೋಡುವವರು ನಾನೂರು ಜನವಿದ್ದರೆ ಹೆಚ್ಚು. ಅದರಲ್ಲಿ ಹೇಮಂತ ಒಬ್ಬ. ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಅಭಿಮಾನಿಗಾದರೆ ಒಂದು ದಿನ ಬೇಜಾರು ಬಂದೀತು, ಹೊಟ್ಟೆಕಿಚ್ಚಿನವನಿಗೆ ರಜೆ ಎಲ್ಲಿಯದು? ಹತ್ತು ವರ್ಷದಲ್ಲಿ ತಿಪ್ಪೇಶ ಗೆರೆ ದಾಟಿ ಚೆಂಡು ನೆಲಕ್ಕೊತ್ತಿ ಅಂಕ ಗಳಿಸಿದ್ದು ಒಂದೇ ಸಲ. ಅದೂ ನೂಕಾಟದಲ್ಲಿ ಮುಗ್ಗರಿಸಿದಾಗ ಎದೆಯ ಕೆಳಗೆ ಚೆಂಡು ಇತ್ತು, ಅಷ್ಟೇ. ಹೇಮಂತ ಹನ್ನೊಂದು ಸಲ ನೋಡಿ ಇದನ್ನು ಖಾತ್ರಿ ಮಾಡಿಕೊಂಡಿದ್ದ. ಉರಿಸುತ್ತಿದ್ದದ್ದು ಅದಲ್ಲ, ತಿಪ್ಪೇಶನ ಕಿವಿ. ತಲೆಗಳ ನಡುವೆ ಉಜ್ಜಿ ಉಜ್ಜಿ ಅವನ ಎರಡೂ ಕಿವಿ ಹಿಸುಕಿದ ಹಿಟ್ಟಿನುಂಡೆಯಂತೆ ಮುದುಡಿಕೊಂಡಿದ್ದವು. ಅಷ್ಟು ಕುರೂಪವಾದ ಕಿವಿ ಇಟ್ಟುಕೊಂಡು ಒಬ್ಬ ಮನುಷ್ಯ ಅಷ್ಟು ಗತ್ತಾಗಿ ಕಾಣುವುದು ಅನ್ಯಾಯ ಎಂದು ಹೇಮಂತನಿಗೆ ಅನ್ನಿಸುತ್ತಿತ್ತು. ತನ್ನ ಕಿವಿಗಳೋ ನುಣ್ಣಗೆ, ಸಮವಾಗಿ, ಟಿಕೆಟ್ ಹರಿಯುವವನ ಕಿವಿಯ ಹಾಗೇ ಇದ್ದವು.

ಇಷ್ಟಕ್ಕೂ ರಗ್ಬಿಯಲ್ಲಿ ತಿಪ್ಪೇಶನ ಆ ಜಾಗ ಹೇಮಂತನದು. ಬಸ್ಸಿನಲ್ಲಿ ಇದನ್ನು ಕೇಳದವರಿಲ್ಲ. ಹತ್ತು ವರ್ಷದ ಹಿಂದೆ ಕಬಡ್ಡಿ ಪಂದ್ಯಕ್ಕೆ ಬಂದಿದ್ದ ರಗ್ಬಿ ಕೋಚ್ ಮೊದಲು ಹೆಸರು ಬರೆದುಕೊಂಡದ್ದು ಹೇಮಂತನದೇ. "ಭಾನುವಾರ ತರೀಕೆರೆ ಮೈದಾನಕ್ಕೆ ಬಾ. ಗಟ್ಟಿ ಕತ್ತಿನವನು ಯಾವನಾದ್ರೂ ಇದ್ರೆ ಜೊತೆಗೆ ಕರ್ಕೊಂಡ್ ಬಾ" ಎಂದಿದ್ದರು. ಕತ್ತಿಗೆಂದು ತಿಪ್ಪೇಶನನ್ನು ಹೊರಡಿಸಿದವನು ಹೇಮಂತ. ಆದರೆ ಅದೇ ಭಾನುವಾರ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವ ಕೆಲಸ, ಅಪ್ಪ ಬಿಡಲಿಲ್ಲ, ತಿಪ್ಪೇಶ ಒಬ್ಬನೇ ಹೋದ, ಆಯ್ಕೆಯಾದ. ಕಥೆ ಇಷ್ಟು. ಅಪ್ಪ ದೇವೀರಪ್ಪ ಮಾತ್ರ "ನಾನ್ಯಾವಾಗ ಬ್ಯಾಡ ಅಂದ್ನೋ?" ಎಂದು ಗೊಣಗುತ್ತಿದ್ದ. ಒಳ್ಳೆಯ ಕಥೆಯ ನಡುವೆ ಗೊಣಗುವವರ ಮಾತು ಯಾರು ಕೇಳುತ್ತಾರೆ?

ನಿಜವೇನೆಂದರೆ ಕೊಬ್ಬರಿ ಒಂಬತ್ತಕ್ಕೇ ಇಳಿದಿತ್ತು. ಹೇಮಂತ ನೀಲಿ ಗೀರಿನ ಅಂಗಿ ತೊಟ್ಟು ತರೀಕೆರೆಗೆ ಹೋಗಿದ್ದ. ಮಂಡಕ್ಕಿ ಪೊಟ್ಟಣ ಹಿಡಿದು ಮೈದಾನದ ಗೋಡೆಯ ಹಿಂದಿನಿಂದ ಇಣುಕಿದ್ದ. ಎರಡು ಸಾಲು ಹುಡುಗರು ತಲೆಗೆ ತಲೆ ಕೊಟ್ಟರು. ಲಾರಿಯಿಂದ ಮೂಟೆ ಬಿದ್ದಂತೆ 'ದಬ್' ಎಂದಿತು. ಒಬ್ಬ ಮೂಗಿನಿಂದ ರಕ್ತ ಸುರಿಸಿಕೊಂಡು ಹೊರಗೆ ಬಂದ. ಹೇಮಂತ ಮುಂದಿನ ಬಸ್ಸಿಗೆ ವಾಪಸ್. ಮಂಡಕ್ಕಿಯನ್ನಂತೂ ಪೂರ್ತಿ ತಿಂದಿದ್ದ.

ಹೇಮಂತ ಓಡುವ ಮುಂಚೆ ತಿಪ್ಪೇಶ ಒಂದು ಸಲ ಗೋಡೆಯ ಕಡೆ ತಿರುಗಿದ್ದನಲ್ಲ, ಕಂಡನೋ ಇಲ್ಲವೋ? ಹತ್ತು ವರ್ಷವಾದರೂ ಹೇಮಂತನಿಗೆ ಇದು ಬಗೆಹರಿದಿರಲಿಲ್ಲ. ತಿಪ್ಪೇಶ ಊರಿಗೆ ಬಂದಾಗೆಲ್ಲ ಅವನಿಗೆ ಅದೇ ಭಯ. ತಿಪ್ಪೇಶ ಬಾಯಿ ಬಿಟ್ಟರೆ ಜಾಗವೂ ಇಲ್ಲ, ಜಾಗ ಹೋದ ಕಥೆಯೂ ಇಲ್ಲ. ಉಳಿಯುವುದು ಟಿಕೆಟ್ ಪುಸ್ತಕ ಒಂದೇ.

ಕಳೆದ ತಿಂಗಳು ಕಡೂರಿನಲ್ಲಿ ತಿಪ್ಪೇಶ ದೊಡ್ಡ ಬ್ಯಾಗ್ ಹೊತ್ತು ಬಸ್ ಹತ್ತಿದ.

"ಏನಪ್ಪಾ, ಲಂಕೆ ಸುಟ್ಟು ಬಂದ್ಯಾ?" ಎಂದ ಡ್ರೈವರ್ ಲಕ್ಕಣ್ಣ.

"ಬಾಲವೇ ಸುಟ್ಟೋಯ್ತು ಕಣಣ್ಣ" ಎಂದು ನಕ್ಕು ತಿಪ್ಪೇಶ ಕಿಟಕಿ ಪಕ್ಕ ಕೂತ. ಹೇಮಂತ ಟಿಕೆಟ್ ಹರಿದುಕೊಟ್ಟ.

ಯಗಟಿಗೆ ಐದು ಕಿಲೋಮೀಟರ್ ಇರುವಾಗ ಎಂಜಿನ್ ಆಫ್ ಆಗಿ ಬಸ್ ನಿಂತಿತು. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸೆಲ್ಫ್ ಕೈಕೊಟ್ಟಿತ್ತು. ಕಣ್ಣಿಗೆ ಕಾಣದಂಥ ಏರು. ಮೂವತ್ತು ಹೆಜ್ಜೆ ತಳ್ಳಿದರೆ ಇಳಿಜಾರು, ಅಲ್ಲಿ ಗೇರ್ ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು. ಜನ ಇಳಿದು ಎಂದಿನಂತೆ ತಳ್ಳಿದರು, ಒಬ್ಬ ನೂಕುವಾಗ ಇನ್ನೊಬ್ಬ ಉಸಿರು ಬಿಡುತ್ತ. ಬಸ್ ಒಂದು ಹೆಜ್ಜೆ ಹೋಗಿ ಎರಡು ಹೆಜ್ಜೆ ಹಿಂದೆ ಬಂತು.

"ಲೇ ಹೇಮಂತ, ಸಂಬಳ ತಗೊಂಡು ತಳ್ಳೋನು ಇಲ್ಲೇ ಅವ್ನಲ್ಲೋ, ಕರಿಯೋ ಅವನ್ನ!" ಎಂದು ಪಾಪಮ್ಮ ಕೂಗಿದಳು.

ತಿಪ್ಪೇಶ ಇಳಿದು ಬಂದ. ಏಳು ಜನರನ್ನು ಆರಿಸಿ ಮೂರು ಸಾಲು ಮಾಡಿ ನಿಲ್ಲಿಸಿದ. ಮೊದಲನೇ ಸಾಲಿನಲ್ಲಿ ಒಂದು ಜಾಗ ಖಾಲಿ ಬಿಟ್ಟ. ಆಮೇಲೆ ಹೇಮಂತನನ್ನು ಪಕ್ಕಕ್ಕೆ ಕರೆದ.

"ನಾನು ತಳ್ಳಂಗಿಲ್ಲ ಕಣೋ. ಕತ್ತಿನ ಮೂಳೆ ಹೋಗಿದೆ. ಎಡಗೈಲಿ ಲೋಟ ನಿಲ್ಲಲ್ಲ. ಆಟ ಮುಗೀತು ಅಂದ್ರು ಡಾಕ್ಟ್ರು. ಅವ್ವಂಗೂ ಹೇಳಿಲ್ಲ."

ಹೇಮಂತನಿಗೆ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಬಾರದು. ಮರುಕ್ಷಣ, ಇನ್ನು ಭಾನುವಾರ ಮೊಬೈಲಿನಲ್ಲಿ ಏನು ನೋಡುವುದು ಎಂದು ಹೊಟ್ಟೆ ಖಾಲಿಯಾದಂತಾಯಿತು.

"ಆ ಜಾಗಕ್ಕೆ ನೀನು ನಿಂತ್ಕೋ" ಎಂದ ತಿಪ್ಪೇಶ.

"ನಾನು ಕಂಡಕ್ಟ್ರಪ್ಪಾ. ವಿಷಲ್ ಹಾಕ್ಬೇಕು."

"ಇಲ್ಲೂ ಗೋಡೆ ಹಿಂದೆ ನಿಂತ್ಕೋತೀಯೇನೋ?"

ಹೇಮಂತ ವಿಷಲನ್ನು ಜೇಬಿಗಿಳಿಸಿದ. "ನೋಡಿದ್ಯಾ?"

"ನೀಲಿ ಗೀರಿನ ಅಂಗಿ. ಕೈಲಿ ಮಂಡಕ್ಕಿ."

"ಯಾರಿಗೂ ಹೇಳ್ಲಿಲ್ಲ ನೀನು..."

"ಏನಂತ ಹೇಳ್ಲಿ? ನನಗೂ ಓಡೋಗ್ಬೇಕು ಅನ್ಸಿತ್ತು ಕಣೋ. ಪಕ್ಕದಲ್ಲಿದ್ದೋನು ಅಂಗಿ ಗಟ್ಟಿಯಾಗಿ ಹಿಡ್ಕೊಂಡಿದ್ದ. ಬಿಡಿಸ್ಕೊಳ್ಳೋಕಾಗ್ಲಿಲ್ಲ."

ಗುಟ್ಟು ಕಾಯ್ದವನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಹೇಮಂತನಿಗೆ ಅಂದು ಗೊತ್ತಾಯಿತು. ಹೋಗಿ ಖಾಲಿ ಜಾಗದಲ್ಲಿ ನಿಂತು ಬಸ್ಸಿನ ಬೆನ್ನಿಗೆ ಭುಜ ಕೊಟ್ಟ. ಪಕ್ಕದವನು ಅವನ ಅಂಗಿಯನ್ನು ಮುಷ್ಟಿ ಬಿಗಿದು ಹಿಡಿದ. ಹಿಂದಿನಿಂದ ಯಾರದೋ ಭುಜ ತೊಡೆಗೆ ಒತ್ತಿತು. ಓಡಬೇಕೆನಿಸಿತು, ಆಗಲಿಲ್ಲ.

"ಬೆನ್ನು ನೆಟ್ಟಗೆ! ಮಂಡಿ ಬಗ್ಲಿ! ನಾನು ಹೇಳೋಗಂಟ ಯಾರೂ ಉಸಿರೂ ಬಿಡಂಗಿಲ್ಲ. ಈಗ... ಹಾಕ್ರೋ!"

ಬಸ್ ಕದಲಿತು. ಬಗ್ಗಿದ ಹೇಮಂತನಿಗೆ ರಸ್ತೆ ಬದಿಯ ತಿಪ್ಪೇಶ ಸೊಂಟದ ಕೆಳಗೆ ಮಾತ್ರ ಕಾಣುತ್ತಿದ್ದ. ಕೈಗಳು ಸುಮ್ಮನೆ ಜೋತಾಡುತ್ತಿದ್ದವು. ಕಾಲುಗಳು ಮಾತ್ರ ಪ್ರತಿ ಕೂಗಿಗೂ ಮಣ್ಣನ್ನು ಒದ್ದು ಒದ್ದು ತಾವೇ ತಳ್ಳುತ್ತಿದ್ದವು.

ಮೂವತ್ತನೇ ಹೆಜ್ಜೆಗೆ ಇಳಿಜಾರು ಸಿಕ್ಕಿತು, ಎಂಜಿನ್ ಗುಡುಗಿತು, ಹೇಮಂತ ಮೂಗು ಕೆಳಗಾಗಿ ಬಿದ್ದ. ಎಲ್ಲರೂ ನಕ್ಕರು.

ಬಸ್ ಹತ್ತಿದ ಮೇಲೆ ಪಾಪಮ್ಮ ತಿಪ್ಪೇಶನ ಎದುರಿಗೇ ಹೇಮಂತನನ್ನು ಕೇಳಿದಳು: "ಅವತ್ತು ಕೊಬ್ಬರಿ ಇಳಿಸೋದು ಇಲ್ದಿದ್ರೆ ತರೀಕೆರೆಗೆ ನೀನೇ ಹೋಗಿರ್ತಿದ್ದೆ ಅಲ್ವೇನೋ?"

ತಿಪ್ಪೇಶ ಕಿಟಕಿಯಾಚೆ ನೋಡುತ್ತಿದ್ದ. ಹೇಮಂತ ಮೂಗು ಒರೆಸಿಕೊಂಡ.

"ಹೋಗಿದ್ದೆ ಕಣಜ್ಜಿ. ರಕ್ತ ನೋಡಿ ಓಡಿ ಬಂದೆ."

ಬಸ್ಸಿನಲ್ಲಿ ನಗು ಏಳುತ್ತದೆಂದು ಕಾದ. ಯಾರೂ ನಗಲಿಲ್ಲ.

"ಮತ್ತೆ ನಿಮ್ಮಪ್ಪ, ನಾನು ಬ್ಯಾಡ ಅನ್ಲಿಲ್ಲ ಅಂತಿದ್ನಲ್ಲೋ" ಎಂದಳು ಪಾಪಮ್ಮ, ಸೊಪ್ಪಿನ ಬುಟ್ಟಿ ಸರಿಸುತ್ತ.

ಬಸ್ಸಿನ ತಗಡಿಗೆ ಉಜ್ಜಿದ ಹೇಮಂತನ ಬಲಗಿವಿ ಉರಿಯುತ್ತಿತ್ತು. ಲಕ್ಕಣ್ಣನ ಕನ್ನಡಿಗೆ ಬಗ್ಗಿ ನೋಡಿಕೊಂಡ: ಕೆಂಪಗೆ, ದಪ್ಪಗೆ, ಸೊಗಸಾಗಿ ಊದಿತ್ತು. ಹಿಂದೆ ತಿರುಗಿ ತಿಪ್ಪೇಶನ ಕಿವಿ ನೋಡಿದ, ಮತ್ತೆ ತನ್ನದನ್ನು ಮುಟ್ಟಿಕೊಂಡ.

ಯಗಟಿ ಬರುವಷ್ಟರಲ್ಲಿ ಊತ ಇಳಿದುಹೋಗಿತ್ತು.