ಗಾಲಿಕುರ್ಚಿಗಳ ಸಭೆ

ಮೊನ್ನೆ ಲಾಫ್ಟಿನಿಂದ ಹಳೆಯ ಅರ್ಜಿಗಳ ಪೆಟ್ಟಿಗೆ ಇಳಿಸಿದಾಗ ಕಾರ್ಬನ್ ಹಾಳೆಯ ವಾಸನೆ ಮೂಗಿಗೆ ಬಡಿಯಿತು. ಅರ್ಜಿ ಬರೆಯುವುದು ನನಗೊಂದು ಚಟ, ನಗಬೇಡಿ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ಬ್ಯಾಂಕಿನಲ್ಲಿ ಜೀವ ತೇಯ್ದ ನನಗೆ ಅರ್ಜಿ. ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿಯಾದದ್ದೂ ಹೀಗೆಯೇ. ನೀರಿನ ಪೈಪು ಒಡೆದರೆ ಉಳಿದವರು ಪ್ಲಂಬರನನ್ನು ಕರೆಯುತ್ತಿದ್ದರು, ನಾನು ಪತ್ರ ಬರೆಯುತ್ತಿದ್ದೆ.

ಆಗ ಸೊಂಟ ಮುರಿದುಕೊಂಡಿದ್ದ ಅಮ್ಮನನ್ನು ನೋಡಿಕೊಳ್ಳಲು ಬಿಜಾಪುರದ ಕಡೆಯ ಶರಣವ್ವ ಇದ್ದಳು. ಹಗಲೂ ರಾತ್ರಿ ನಮ್ಮಲ್ಲೇ. ಅವಳ ಎಂಟು ವರ್ಷದ ಮಗಳು ಲೋಕಲ್ ರೈಲಿನಲ್ಲಿ ಒಂದೂವರೆ ತಾಸು ದೂರದ ಶಹಾಡಿನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಸಂಜೆ ಶರಣವ್ವ ಅಮ್ಮನ ಗಾಲಿಕುರ್ಚಿ ತಳ್ಳಿಕೊಂಡು ಕೆಳಗಿನ ಗಾರ್ಡನ್ನಿಗೆ ಹೋಗುತ್ತಿದ್ದಳು. ಬೇರೆ ಮನೆಗಳ ಆಯಾಗಳೂ ತಮ್ಮ ತಮ್ಮ ಅಜ್ಜಿ, ಅಜ್ಜಂದಿರನ್ನು ತಂದು ಬೇವಿನ ಮರದ ಕೆಳಗೆ ಸುತ್ತಲೂ ನಿಲ್ಲಿಸುತ್ತಿದ್ದರು. ಪಾಪ, ವಯಸ್ಸಾದವರು ಹರಟಲಿ ಎಂದು ಬಾಲ್ಕನಿಯಿಂದ ನೋಡಿ ಸಂತೋಷಪಡುತ್ತಿದ್ದೆ. ಹರಟುತ್ತಿದ್ದವರು ಅವರಲ್ಲ ಎಂದು ತಿಳಿದದ್ದು ಆಮೇಲೆ.

ಒಂದು ದಿನ ಶರಣವ್ವ ಬಾಗಿಲ ಬಳಿ ನಿಂತಳು.

"ಸಾಹೇಬ್ರ, ನಮಗೆಲ್ಲಾ ಕೂಡಿ ಒಂದ್ ಅರ್ಜಿ ಬೇಕಾಗೇತ್ರಿ. ವಾರಕ್ಕೊಂದ್ ದಿನ ಸೂಟಿ ಕೇಳೂದೈತಿ. ಮಗಳು ನನ್ನ ಕಂಡ್ರ ಮಾರಿ ತಿರಗಸಾಕ ಹತ್ಯಾಳ."

ಯಾರಿಗೆ ಕೊಡುತ್ತೀರಿ ಎಂದು ಕೇಳುವ ವ್ಯವಧಾನ ನನಗೆಲ್ಲಿ? ಯಾವುದೋ ಸರಕಾರಿ ಕಚೇರಿಗಿರಬೇಕೆಂದುಕೊಂಡೆ. ಅವಳು ಕೇಳಿದ್ದು ರಜೆ ಮಾತ್ರ. ನಾನು ಹಬ್ಬದ ರಜೆ, ಮಧ್ಯಾಹ್ನದ ವಿಶ್ರಾಂತಿ, ಲಿಫ್ಟ್ ಬಳಸುವ ಹಕ್ಕು ಎಲ್ಲ ಸೇರಿಸಿ ಇಂಗ್ಲಿಷಿನಲ್ಲಿ ನಾಲ್ಕು ಪುಟ ಗೀಚಿದೆ.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಸೊಸೈಟಿಗೆ ಬಂದ ಲಕೋಟೆ ಒಡೆದರೆ, ಅಯ್ಯೋ ದೇವರೇ, ನನ್ನದೇ ನಾಲ್ಕು ಪುಟ! ಕೆಳಗೆ ಎಂಟು ಆಯಾಗಳ ಹೆಬ್ಬೆಟ್ಟು, ಸಹಿ. ಓದಿ ಹೇಳಿದೆ.

"ಇದು ಯಾರೋ ಯೂನಿಯನ್ ವಕೀಲನ ಕೆಲಸ. ಎಂಟೂ ಜನರ ಗೇಟ್‌ಪಾಸ್ ರದ್ದು ಮಾಡಿ," ಎಂದು ಅಧ್ಯಕ್ಷರು ಹಿಂದಿಯಲ್ಲಿ ಗುಡುಗಿದರು. ಪಾಸ್ ಹೋದರೆ ಕೆಲಸವೂ ಹೋದಂತೆ. ತೆಪ್ಪಗಿದ್ದುಬಿಡೋಣ ಎಂದೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಖಜಾಂಚಿ, ಮೈಸೂರಿನ ರಾಯರು, "ಕೊನೇ ಪುಟದಲ್ಲಿ ಅಷ್ಟು ದಮ್ಮಿಲ್ಲ ಬಿಡಿ," ಅಂದರು.

"ಎಂತ ದಮ್ಮಿಲ್ಲ? ಸಮಾ ಓದಿ ನೋಡಿ ಮಾರಾಯ್ರೆ!" ಎಂದು ನಾನು ಮೇಜು ಗುದ್ದಿದೆ.

ಎಲ್ಲರೂ ನನ್ನನ್ನೇ ನೋಡಿದರು. ಸಿಕ್ಕಿಬಿದ್ದ ಮೇಲೆ ವಾದಿಸದೆ ಗತಿಯಿಲ್ಲ. ಬರೆದದ್ದನ್ನೆಲ್ಲ ಮತ್ತೆ ಬಾಯಿಯಲ್ಲಿ ಹೇಳಿದೆ. ಪಾಸ್ ರದ್ದಾದರೆ ನನ್ನ ರಾಜೀನಾಮೆ ಪತ್ರವನ್ನೂ ಓದಬೇಕಾದೀತು, ಅದು ಎಂಟು ಪುಟ, ಎಂದೂ ಸೇರಿಸಿದೆ. ಅದಕ್ಕೆ ಹೆದರಿದರೋ, ನಾಳೆ ತಮ್ಮ ತಂದೆತಾಯಿಗೆ ಸ್ನಾನ ಮಾಡಿಸುವವರು ಯಾರೆಂದು ಹೆದರಿದರೋ, ಅಂತೂ ಭಾನುವಾರದ ರಜೆ ಪಾಸಾಯಿತು.

ಮೊದಲ ಭಾನುವಾರ ಶರಣವ್ವ ಬೆಳಿಗ್ಗೆಯೇ ಶಹಾಡಿಗೆ ಹೊರಟಳು. ಅಮ್ಮನಿಗೆ ಗಂಜಿ ಕುಡಿಸುವ ಪಾಳಿ ನನ್ನದು. ಅರ್ಧ ಗಂಜಿ ಸೀರೆಯ ಮೇಲೆ. ಅದರ ನಡುವೆಯೇ ಅರ್ಜಿಯ ಬಗ್ಗೆ ಜಂಬ ಕೊಚ್ಚಿದೆ.

"ಗೊತ್ತುಂಟು ಮಗಾ. ಮರದಡಿಯ ಸಭೆಯಲ್ಲಿ ನಾನೂ ಇದ್ದೆ ಅಲ್ವಾ, ಕುರ್ಚಿಯಲ್ಲಿ. ಚಂದ ಬರ್ದಿದ್ದಿ. ಆದ್ರೆ ಅವಳು ಮೂರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ರಜೆ ಕೊಡ್ಲಿಕ್ಕೆ ನಿಂಗೆ ಅರ್ಜಿ ಬೇಕಿತ್ತಾ?"

ನಾಚಿಕೆಯಿಂದ ತಲೆ ತಗ್ಗಿಸಿ ಸೀರೆ ಒರೆಸತೊಡಗಿದೆ. ಗಂಜಿ ಆರಿಹೋಯಿತು.

ಸೋಮವಾರ ಶರಣವ್ವ ಸೊಟ್ಟಸೊಟ್ಟ ಜಡೆ ಹಾಕಿಕೊಂಡು ಬಂದಳು. "ಮಗಳು ಹಾಕ್ಯಾಳ್ರಿ. ಇವತ್ತ ಬಿಚ್ಚೂದಿಲ್ಲ ನಾ," ಎಂದಳು.

ಅಮ್ಮ ಹೋಗಿ ವರ್ಷಗಳಾದವು. ಮುಂದಿನ ವಾರ ನನ್ನದೇ ಮಂಡಿಗೆ ಆಪರೇಷನ್, ನೋಡಿಕೊಳ್ಳಲು ಜನ ಬೇಕು. ಕೋಪರಿ, ಕಲ್ಯಾಣದಂಥ ಉಪನಗರಗಳವರೆಗೂ ಆಯಾಗಳ ಸಂಘ ಕಟ್ಟಿರುವ ಶರಣವ್ವ ನಿನ್ನೆ ಹೊಸ ಆಯಾಳನ್ನು ಕರೆದುಕೊಂಡು ಬಂದಿದ್ದಳು. ನಾನು ಪ್ರಶ್ನೆ ಕೇಳಬೇಕೆಂದಿದ್ದೆ, ಕೇಳಿದವರು ಅವರು. ಆಮೇಲೆ ಶರಣವ್ವ ಒಂದೇ ಪುಟದ ಕರಾರು ಮುಂದಿಟ್ಟಳು. ಮೊದಲ ಸಾಲೇ ವಾರದ ರಜೆ. ಎರಡನೇ ಸಾಲನ್ನು ತುಸು ಚೆಂದ ಮಾಡೋಣವೆಂದು ಪೆನ್ನಿನ ಮುಚ್ಚಳ ತೆಗೆದೆ.

"ತಿದ್ದಬ್ಯಾಡ್ರಿ ಸಾಹೇಬ್ರ," ಎಂದಳು. "ಸೈ ಅಷ್ಟ ಮಾಡ್ರಿ."

ಮಾಡಿದೆ.