ಮಾಳಸಿದ್ದ ಮುಟ್ಟದ ಭಂಡಾರ

ಮಾಳಸಿದ್ದನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ರಾಯಬಾಗದಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಅಷ್ಟೊಂದು ಸಿಟ್ಟು ಹಿಡಿಸುವಷ್ಟು ದೊಡ್ಡ ಮೂಗು ಯಾರಿಗೂ ಇರುವುದಿಲ್ಲ. ಮುರಿದ ಬೋಲ್ಟಿಗೆ ಬೈಯುತ್ತಾನೆ, ಅದನ್ನು ಮುರಿದ ಹಿಂದಿನ ಮಿಸ್ತ್ರಿಗೆ ಬೈಯುತ್ತಾನೆ, ಬೈದದ್ದು ಮುಗಿಯಿತೇ ಎಂದು ಕೇಳಿದ ಗಿರಾಕಿಗೂ ಬೈಯುತ್ತಾನೆ. ಆದರೆ ಅವನು ಬಿಗಿದ ಪೈಪಿನಿಂದ ಒಂದು ಹನಿ ಸೋರಿದ್ದನ್ನು ಕಂಡವರಿಲ್ಲ. ಬೈಸಿಕೊಂಡೂ ಗಾಡಿ ತಂದು ಬಿಡುವವರು ಅದಕ್ಕೇ ಇದ್ದರು.

ಅವನು ಅಲಖನೂರಿನ ಕುರಿಗಾರರ ಮನೆಯವನು. ಅಪ್ಪ ನಲವತ್ತು ಕುರಿ ಹೊಡೆದುಕೊಂಡು ಕಬ್ಬು ಕಡಿದ ಹೊಲಗಳಲ್ಲಿ ತಿರುಗಿದವನು. ಮಗ ಹದಿನಾರಕ್ಕೇ ಕೋಲು ಬಿಸಾಕಿ ನಿಪ್ಪಾಣಿಯ ಲಾರಿ ಗ್ಯಾರೇಜು ಸೇರಿದ. ಅಲ್ಲಿ ಕೆಲಸದ ಜೊತೆಗೆ ಮರಾಠಿ ಬೈಗುಳಗಳನ್ನೂ ಬಾಯಿಪಾಠ ಮಾಡಿಕೊಂಡು ಬಂದು, ರಾಯಬಾಗದಲ್ಲಿ ತಗಡು ಹೊದಿಸಿದ ಸ್ವಂತ ಗ್ಯಾರೇಜು ಹಾಕಿದ. ಈಗ ಅವನಿಗೆ ಐವತ್ತನಾಲ್ಕು.

ಐಗಳಿಯ ಮುರಗೆಪ್ಪ ಸಾವ್ಕಾರರ ಬಿಳಿ ವಿಲಾಯ್ತಿ ಕಾರು ಅವನ ಕೈಗೆ ಬಂದು ಇಪ್ಪತ್ತೈದು ವರ್ಷ. ದ್ರಾಕ್ಷಿ ತೋಟದ ಮನೆ, ಹಳೆಯ ಕಾಲದ ಗಾಡಿ, ಎರಡಕ್ಕೂ ಠೀವಿ ಬಹಳ. ಆ ಗಾಡಿಯಲ್ಲಿ ಹೀಟರ್ ಎಂಬುದೊಂದಿತ್ತು. ಇಂಜಿನ್ನಿನ ಬಿಸಿನೀರನ್ನು ಡ್ಯಾಶ್‌ಬೋರ್ಡಿನ ಕೆಳಗಿರುವ ಪುಟ್ಟ ರೇಡಿಯೇಟರ್‌ಗೆ ತಂದು, ಮುಂದೆ ಕೂತವರ ಕಾಲಿಗೆ ಬಿಸಿಗಾಳಿ ಬಿಡುವ ಏರ್ಪಾಡು. ಐಗಳಿಯ ಬಿಸಿಲಿಗೆ ಬಿಸಿಗಾಳಿ! ಆ ನೀರನ್ನು ಬಿಡುವ, ತಡೆಯುವ ವಾಲ್ವ್ ಹದಿನೆಂಟು ವರ್ಷದ ಹಿಂದೆ ಕೆಟ್ಟು ತೊಟ್ಟಿಕ್ಕತೊಡಗಿತ್ತು. ಹೊಸದು ಸಿಗುವಂತಿರಲಿಲ್ಲ. ಮಾಳಸಿದ್ದ ಪುಟ್ಟ ರೇಡಿಯೇಟರ್‌ನ ಎರಡೂ ಬಾಯಿ ಮುಚ್ಚಿ, ಇಂಜಿನ್ನಿನ ನೀರು ಹೊರಗಿನಿಂದಲೇ ಸುತ್ತಿ ಹೋಗುವಂತೆ ರಬ್ಬರ್ ಪೈಪು ಹಾಕಿಬಿಟ್ಟಿದ್ದ. ಹೀಟರ್ ಇದೆ ಎಂಬುದನ್ನೇ ಮನೆಯವರು ಮರೆತರು.

ಸಾವ್ಕಾರರು ತೀರಿಕೊಂಡ ಮೇಲೆ ಗಾಡಿ ಮೊಮ್ಮಗ ವಿಶಾಲನ ಪಾಲಿಗೆ ಬಂತು. ಕೊಲ್ಹಾಪುರದಲ್ಲಿ ಹಳೆಯ ಕಾರುಗಳ ಮೆರವಣಿಗೆಯಂತೆ, ಎಲ್ಲವೂ ಮೊದಲಿದ್ದ ಹಾಗೇ ಇರಬೇಕಂತೆ. ಹುಡುಗ ಎಲ್ಲೋ ಹುಡುಕಿ ಹೊರದೇಶದಿಂದ ಹೊಸ ವಾಲ್ವ್ ತರಿಸಿದ. ಮಾಳಸಿದ್ದ ಮನಸಾರೆ ಬೈದು, ಪೈಪನ್ನು ಮತ್ತೆ ಪುಟ್ಟ ರೇಡಿಯೇಟರ್‌ಗೆ ಜೋಡಿಸಿ, ಎರಡು ತಾಸಿನಲ್ಲಿ ಅದನ್ನು ಕೂಡಿಸಿದ. ಕೆಳಗೆ ಪೇಪರು ಹಾಸಿ, ಹೀಟರ್ ಹಚ್ಚಿ ಹತ್ತು ನಿಮಿಷ ಇಂಜಿನ್ ಓಡಿಸಿದ. ಪೇಪರು ಒಣಗಿಯೇ ಇತ್ತು.

ಮರುದಿನ ಮಧ್ಯಾಹ್ನ ವಿಶಾಲನ ಫೋನು ಬಂತು.

“ಏ ಮಿಸ್ತ್ರಿ, ನಮ್ಮ ಆಯಿ ಕಾಲ ಸುಟ್ಟೀಯಲ್ಲಲೇ! ವಾಲ್ವ್ ಸಡ್ಲ ಕೂಡಿಸಿ ಬಿಟ್ಟಿದಿ. ಕುದಿಯೂ ನೀರ ಆಕಿ ಕಾಲ ಮ್ಯಾಲ ಬಿತ್ತು!”

ನಿನ್ನೆಯವರೆಗೆ ‘ಕಾಕಾ’ ಎನ್ನುತ್ತಿದ್ದ ಹುಡುಗ ಅವನು. ಅಥಣಿ ರಸ್ತೆಯಲ್ಲಿ ಅಜ್ಜಿ ಅಕ್ಕವ್ವನನ್ನು ಮುಂದೆ ಕೂರಿಸಿಕೊಂಡು, ಜಂಬಕ್ಕೆ ಹೀಟರಿನ ಗುಂಡಿ ತಿರುಗಿಸಿದ್ದ.

“ನಾ ಬಿಗದ ಪೈಪು ಸೋರೂದಿಲ್ಲಲೇ!” ಮಾಳಸಿದ್ದ ಗ್ಯಾರೇಜು ನಡುಗುವ ಹಾಗೆ ಕೂಗಿದ.

“ಭಂಡಾರ ಮುಟ್ಟಿ ಹೇಳ್ತಿಯೇನ?”

“ಮುಟ್ಟತೀನಿ! ನಿಮ್ಮ ಅಂಗಳದಾಗ, ಹತ್ತು ಮಂದಿ ಮುಂದ ಮುಟ್ಟತೀನಿ!”

ಕುಲದೇವರು ಮಾಳಿಂಗರಾಯನ ಭಂಡಾರವೆಂದರೆ ಒಂದು ಹಿಡಿ ಅರಿಶಿನ ಪುಡಿ. ಆದರೆ ಕುರಿಗಾರರ ಮನೆಯವರು ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಮುಟ್ಟಿ ಸುಳ್ಳಾಡಿದವನನ್ನು ಹೆಂಡತಿ ಮಕ್ಕಳೂ ನಂಬುವುದಿಲ್ಲ. ಇತ್ತ ಸುದ್ದಿ ಐಗಳಿಯ ಬಸ್ಸಿಗಿಂತ ಮೊದಲೇ ರಾಯಬಾಗಕ್ಕೆ ಬಂದಿತ್ತು. ಮಾಳಸಿದ್ದ ಮುದುಕಿಯ ಕಾಲು ಸುಟ್ಟನಂತೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು, ಸಂಜೆಯೊಳಗೆ ಇಬ್ಬರು ಏನೋ ನೆಪ ಹೇಳಿ ತಮ್ಮ ಗಾಡಿ ಒಯ್ದರು. ಮೂವತ್ತು ವರ್ಷ ಕೈ ಸುಟ್ಟುಕೊಂಡು ಗಳಿಸಿದ ಹೆಸರು ಒಂದೇ ದಿನಕ್ಕೆ ಹೋಗುತ್ತಿತ್ತು.

ಬೆಳಗಾದ ಕೂಡಲೇ ಹೊರಟ. ಇವನು ಅಲ್ಲಿ ಯಾರ ಮೇಲಾದರೂ ಕೈ ಮಾಡಿಯಾನೆಂದು ಹೆಂಡತಿ ಸತ್ತೆವ್ವ, ದೇವರ ಜಗಲಿಯ ಮೇಲಿನ ಭಂಡಾರದ ಚೀಲ ಮಡಿಲಿಗೆ ಹಾಕಿಕೊಂಡು ಅವನ ಬೈಕಿನ ಹಿಂದೆ ಕೂತಳು.

ಐಗಳಿಯ ಅಂಗಳದಲ್ಲಿ ತೋಟದ ಆಳುಗಳು, ನೆರೆಯವರು ಸೇರಿದ್ದರು. ಪಡಸಾಲೆಯ ಹೊರಸಿನ ಮೇಲೆ ಅಕ್ಕವ್ವ ಕೂತಿದ್ದಳು. ಎಪ್ಪತ್ತಾರರ ಹೆಂಗಸು, ಎಡಗಾಲಿಗೆ ಮೊಣಕಾಲಿನವರೆಗೂ ಬಿಳಿ ಬ್ಯಾಂಡೇಜು. ಮಾಳಸಿದ್ದ ಆ ಕಾಲನ್ನು ನೋಡಲಾರದೆ ಕಾರಿನ ಬಾನೆಟ್ ಎತ್ತಿದ.

“ಬಾ ಇಲ್ಲಿ!” ವಿಶಾಲನ ರಟ್ಟೆ ಹಿಡಿದು ಎಳೆದು ತಂದು, ಅವನ ಕೈಯನ್ನು ವಾಲ್ವಿನ ಮೇಲೆ ಇಟ್ಟ. “ಎಲ್ಲಿ ಹಸಿ ಐತಿ, ತೋರಸು. ಕಣ್ಣ ಕಾಣ್ತಾವಿಲ್ಲೋ? ಪೈಪ್ ಮುಟ್ಟು. ಇದನೂ ಮುಟ್ಟು!”

ವಾಲ್ವ್ ಒಣಗಿತ್ತು. ಪೈಪಿನ ಬಾಯಿ ಒಣಗಿತ್ತು, ಸೋರಿದ ಕಲೆಯೂ ಇರಲಿಲ್ಲ. ವಿಶಾಲ ಕೈ ಒರೆಸಿಕೊಂಡು ನೆಲ ನೋಡಿದ.

ಮಾಳಸಿದ್ದ ಅಷ್ಟಕ್ಕೇ ಬಿಡುವವನಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಬೈಯುತ್ತಲೇ ಬೋಲ್ಟುಗಳನ್ನು ಬಿಚ್ಚಿ ಪುಟ್ಟ ರೇಡಿಯೇಟರನ್ನು ಹೊರತೆಗೆದ. ಹತ್ತು ನಿಮಿಷದ ಬಿಸಿ ತಡೆದಿದ್ದ ಅದರ ತಳ ರಸ್ತೆಯ ಮೇಲೆ ಒಡೆದು, ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಅದನ್ನು ಎತ್ತಿ ಹಿಡಿದು ಅಂಗಳದ ತುಂಬ ತಿರುಗಿದ.

“ನೋಡ್ರಿ! ಎಲ್ಲಾರೂ ನೋಡ್ರಿ! ಇದು ಒಡದೈತಿ, ವಾಲ್ವ್ ಅಲ್ಲ! ನನ್ನ ಹೆಸರಿಗೆ ಮಸಿ ಬಳದ್ರೆಲ್ಲಾ, ಈಗ ಏನ ಅಂತೀರಿ?”

“ಹಳೇ ಸಾಮಾನ, ತುಕ್ಕ ಹಿಡದು ಲಡ್ಡಾಗಿತ್ತು,” ಎಂದರು ಯಾರೋ.

“ತಪ್ಪಾತ್ರಿ ಕಾಕಾ,” ವಿಶಾಲ ಮೆಲ್ಲಗೆ ಅಂದ. ‘ಕಾಕಾ’ ಮರಳಿ ಬಂದಿತ್ತು. “ಆಯಿನ್ನ ಆ ಪರಿ ನೋಡಿ ತೆಲಿ ಕೆಟ್ಟಿತ್ತು. ನಿಮ್ಮ ಕೆಲಸದಾಗ ಏನೂ ಇಲ್ಲ.”

ಸತ್ತೆವ್ವನ ಮುಖ ಅರಳಿತು. ಚೀಲದ ಗಂಟು ಬಿಚ್ಚಿ ಮುಂದೆ ಹಿಡಿದಳು. “ಮುಟ್ರಿ. ವಾಲ್ವಿನ ಕೆಲಸ ಚೊಕ್ಕ ಐತಿ ಅಂತ ಮುಟ್ಟಿ ಹೇಳ್ರಿ. ಮನಿಗೆ ಹೋಗೂಣು.”

ಅವನು ಕೈ ಚಾಚಿದ. ಆಗಲೇ ಎಡಗೈಯಲ್ಲಿದ್ದ ರೇಡಿಯೇಟರ್‌ನ ತೂತಿನಿಂದ ಕಂದು ರಾಡಿ ಜಾರಿ ಅವನ ಮುಂಗೈ ಮೇಲೆ ಇಳಿಯಿತು. ನಿನ್ನೆ ಮೊನ್ನೆಯ ರಾಡಿಯಲ್ಲ. ಬೋರಿನ ಸವಳು ನೀರು ವರ್ಷಗಟ್ಟಲೆ ನಿಂತು ಕೊಳೆತು ತಗಡನ್ನು ತಿಂದ ರಾಡಿ. ವಾಸನೆ ಮೂಗಿಗೆ ಬಡಿಯಿತು, ಅದರ ಜೊತೆಗೆ ಹದಿನೆಂಟು ವರ್ಷದ ಹಿಂದಿನ ಆ ದಿನವೂ ನೆನಪಿಗೆ ಬಂತು.

ಇದೇ ಅಂಗಳ. ಕಾಗವಾಡದ ಬೀಗರು ಚಹಾ ಕುಡಿಯುತ್ತಿದ್ದರು. ಮಿಸ್ತ್ರಿ ಯಾವೂರಿನವನು ಎಂದು ಅವರು ಕೇಳಿದ್ದಕ್ಕೆ ಮುರಗೆಪ್ಪ ಸಾವ್ಕಾರರು ಅಂದಿದ್ದರು: “ಎಲ್ಲಿ ಮಿಸ್ತ್ರಿ ತರ್ತೀರಿ, ಕುರಿ ಕಾಯಾಂವ. ಬಾಲ ಹಿಡ್ಯೂ ಕೈಯಾಗ ಬೋಲ್ಟ ತಿರಗಸೂ ಪಾನಾ ಹಿಡದಾನ.” ಬೀಗರು ಹೊಟ್ಟೆ ಹಿಡಿದು ನಕ್ಕಿದ್ದರು. ಬಾನೆಟ್ಟಿನೊಳಗೆ ತಲೆ ಇಟ್ಟಿದ್ದ ಮಾಳಸಿದ್ದನಿಗೆ ರಕ್ತ ಕುದಿದಿತ್ತು. ಪುಟ್ಟ ರೇಡಿಯೇಟರ್‌ನೊಳಗಿನ ನೀರು ಬಸಿದು, ಊದಿ ಒಣಗಿಸಿ ಬಾಯಿ ಮುಚ್ಚಬೇಕೆಂದು ಅವನಿಗೆ ಗೊತ್ತಿತ್ತು. ‘ಇವನ ಗಾಡಿ ಕೊಳೆತು ಹಾಳಾಗಿ ಹೋಗಲಿ’ ಎಂದು ನೀರು ಸಮೇತ ಮುಚ್ಚಿ, ಚಹಾ ಕುಡಿಯದೆ ಎದ್ದು ಹೋಗಿದ್ದ.

ವಾಲ್ವಿನ ಕೆಲಸ ಚೊಕ್ಕ ಇತ್ತು, ಅದು ನಿಜ. ಮುಟ್ಟಿದರೆ ಒಂದಕ್ಷರವೂ ಸುಳ್ಳಾಗುತ್ತಿರಲಿಲ್ಲ. ಯಾರೂ ಬೇರೇನನ್ನೂ ಕೇಳಿರಲಿಲ್ಲ.

“ಹಿಂದಕ್ಕ ತಗೀ ಅದನ್ನ!” ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಬೆಚ್ಚಿ ಚೀಲವನ್ನು ಎದೆಗೆ ಒತ್ತಿಕೊಂಡಳು. “ನಾನ ಮಾಡೀನಿ! ಕೇಳ್ರಿ ಎಲ್ಲಾರೂ. ಹದಿನೆಂಟ ವರ್ಷದ ಹಿಂದ ಸಾವ್ಕಾರ ನನಗ ಕುರಿ ಕಾಯಾಂವ ಅಂದ. ಆ ಸಿಟ್ಟಿಗೆ ಇದರಾಗಿನ ನೀರ ಬಸೀಲಿಲ್ಲ ನಾ. ಬೇಕಂತನ ಬಿಟ್ಟೆ. ಮೊನ್ನಿ ವಾಲ್ವ್ ಹಾಕೂಮುಂದನೂ ಇದನ್ನ ಬಿಚ್ಚಿ ನೋಡಲಿಲ್ಲ. ಮರತ ಬಿಟ್ಟಿದ್ದೆ!”

ಹೊರಸಿನ ಮೇಲಿನಿಂದ ಅಕ್ಕವ್ವನ ದನಿ ಬಂತು. ಅದರಲ್ಲಿ ಮರುಕದ ಸುಳಿವೂ ಇರಲಿಲ್ಲ.

“ನನ್ನ ಗಂಡ ಅಂದದ್ದಕ್ಕ ನನ್ನ ಕಾಲ ಸುಟ್ಟೇನೋ ಮಾಳ್ಯಾ? ಅವತ್ತ ನಾ ಒಳಗ ನಿಂತು ಕೇಳೇನಿ ಆ ಮಾತ. ನೀ ತಿರಗಿ ಬೈದಿದ್ರ ನಾನೂ ಕೂಡಿ ಬೈತಿದ್ದೆ. ಊರ ಮಂದಿಗೆಲ್ಲಾ ಬೈಯಾಂವ, ಬೈಯೂ ಹೊತ್ತಿನ್ಯಾಗ ಬಾಯಿ ಮುಚ್ಚಿದೆಲ್ಲೋ!”

ಮಾಳಸಿದ್ದ ತೂತು ಬಿದ್ದ ರೇಡಿಯೇಟರನ್ನು ಹೊರಸಿನ ಮುಂದೆ ನೆಲಕ್ಕಿಟ್ಟ.

“ಗಾಡಿ ಸುದ್ದ ಮಾಡು,” ಎಂದಳು ಅಕ್ಕವ್ವ. “ನಾ ಮತ್ತ ಅದರಾಗನ ಕುಂದರಾಕಿ.”

ಮೂರು ವಾರ ಬೇಕಾಯಿತು. ಹೊಸ ಪುಟ್ಟ ರೇಡಿಯೇಟರ್ ಮಾಡಿಸಿ, ನೀರು ತುಂಬಿ, ಬಸಿದು, ಮತ್ತೆ ತುಂಬಿ, ಅದೇ ವಾಲ್ವಿಗೆ ಜೋಡಿಸಿ ಐಗಳಿಗೆ ತಂದ. ಏಪ್ರಿಲ್‌ನ ನಡುಮಧ್ಯಾಹ್ನ. ಅಕ್ಕವ್ವ ಕೋಲೂರಿಕೊಂಡು ಗಾಡಿಯ ಬಾಗಿಲಿಗೆ ಬಂದಳು.

“ಸ್ವಲ್ಪ ನಿಂದರ್ರಿ ಯವ್ವಾ,” ಎಂದು ಮಾಳಸಿದ್ದ ಆಕೆಯ ಜಾಗದಲ್ಲಿ ತಾನು ಕೂತ. ವಿಶಾಲ ಇಂಜಿನ್ ಚಾಲೂ ಮಾಡಿದ. ಮಾಳಸಿದ್ದ ಚಪ್ಪಲಿ ಬಿಟ್ಟು, ಎಡಗಾಲನ್ನು ಹೀಟರಿನ ಕೆಳಗೆ ಚಾಚಿ ಗುಂಡಿಯನ್ನು ಪೂರ್ತಿ ತಿರುಗಿಸಿದ. ಬಿಸಿಗಾಳಿ ಭುಸ್ಸೆಂದು ಬಂತು. ಬೆವರು ಕಿತ್ತು ಕಣ್ಣಿಗಿಳಿಯಿತು.

ಹತ್ತು ನಿಮಿಷ ಕಳೆಯಿತು. “ಒಂದ ಹನಿನೂ ಇಲ್ರಿ ಕಾಕಾ, ಸಾಕ ಕಾಲ ತಗೀರಿ,” ಎಂದ ವಿಶಾಲ.

“ಹತ್ತ ನಿಮಿಷ ಅವತ್ತೂ ನೋಡಿದ್ನಿ. ಅಥಣಿ ಮಟ ಹೊಡೀಲೇ ಗಾಡಿ!” ಎಂದು ಮಾಳಸಿದ್ದ ಗದರಿದ.

ಅಥಣಿಗೆ ಹೋಗಿ ಬರುವವರೆಗೂ ಅವನು ಆ ಕಾಲನ್ನು ಅಲ್ಲಿಂದ ತೆಗೆಯಲಿಲ್ಲ.