ಹುಳು ತಿಂದ ಗುಲಾಬಿಯ ಫೋಟೊ

ಕಳೆದ ಭಾನುವಾರ ನಮ್ಮ ಮನೆಯ ಗುಲಾಬಿಯೊಂದು ಕಳುವಾಯಿತು. ಕದ್ದವರು ಯಾರೆಂದು ನನಗೆ ಗೊತ್ತು. ದೇವರಿಗೂ ಗೊತ್ತು. ಹೂವು ಅವನ ತಲೆಯ ಮೇಲೇ ಇತ್ತು.

ಮೊಮ್ಮಕ್ಕಳೇ, ಆ ಗಿಡ ನಿಮ್ಮ ತಾತ ತಂದದ್ದು. ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಕೆಲಸಕ್ಕಿದ್ದಾಗ ಯಾವುದೋ ಸಾಹೇಬರ ಬಂಗಲೆಯ ತೋಟದಿಂದ ಗೇಣುದ್ದದ ಕಡ್ಡಿ ಮುರಿದು, ಊಟದ ಡಬ್ಬಿಯಲ್ಲಿಟ್ಟು ತಂದಿದ್ದರು. (ಕೇಳಿ ತಂದಿರಾ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.) ಗಣಿ ಮುಚ್ಚಿತು, ತಾತ ಹೋದರು, ಗಿಡ ನಿಂತಿತ್ತು. ಈ ವರ್ಷ ಬುಡಕ್ಕೆ ಗೆದ್ದಲು ಹತ್ತಿದೆ. ಮೂರು ಕಡ್ಡಿ ನೆಟ್ಟು ನೋಡಿದೆ, ಮೂರೂ ಒಣಗಿದವು. ಗಿಡ ಇನ್ನೊಂದು ಬೇಸಿಗೆ ಕಾಣುವುದಿಲ್ಲ. ಕೊನೆಗೆಂಬಂತೆ ಒಂದೇ ಒಂದು ಮೊಗ್ಗು ಬಿಟ್ಟಿತ್ತು.

ನನ್ನ ಜೊತೆಗಿರುವ ಪಲ್ಲವಿಯನ್ನು ಬಿಟ್ಟರೆ ನೀವು ಯಾರೂ ಆ ಹೂವನ್ನು ನೋಡಿಲ್ಲ. ನೀವು ಬರುವುದು ಬೇಸಿಗೆ ರಜೆಗೆ, ಅದು ಅರಳುವುದು ಚಳಿಯಲ್ಲಿ. ಬಣ್ಣ ಹೇಳೋಣವೆಂದರೆ ಕೆಂಪಲ್ಲ, ಹಳದಿಯಲ್ಲ. ಲಾರಿಗೆ ತುಂಬುವ ಟೊಮೊಟೊ ಇರುತ್ತದಲ್ಲ, ಹಸಿರು ಬಿಟ್ಟಿದೆ, ಕೆಂಪಿಗೆ ಇನ್ನೂ ಹೋಗಿಲ್ಲ, ಆ ಬಣ್ಣ. ಬರೆದು ತಿಳಿಸುವಂಥದ್ದಲ್ಲ. ಅದಕ್ಕೇ ಒಂದು ಫೋಟೊ ಬೇಕಿತ್ತು. ಬಣ್ಣ ಇದ್ದ ಹಾಗೇ ಇರುವ ಫೋಟೊ.

ಪಲ್ಲವಿ ದಿನಾ ಬಂಗಾರಪೇಟೆಯಿಂದ ರೈಲು ಹಿಡಿದು ಕಾಲೇಜಿಗೆ ಹೋಗುವವಳು. ಭಾನುವಾರ ಅವಳನ್ನು ಎಬ್ಬಿಸುವುದು ಪಾಪ. ಮುಸುಕಿನೊಳಗಿಂದಲೇ ಪಾಠ ಹೇಳಿದಳು: "ಬಿಸ್ಲಲ್ಲಿ ತೆಗೀಬ್ಯಾಡ ಅಜ್ಜೀ, ಬಣ್ಣ ಸುಟ್ಟೋಯ್ತದೆ. ಸಾಫ್ಟ್ ಲೈಟ್ ಇರ್ಬೇಕು."

ಸಾಫ್ಟ್ ಲೈಟ್ ಎಲ್ಲಿಂದ ತರುವುದು? ತಾತನ ಹಳೆಯ ಪಂಚೆಯೊಂದನ್ನು ಗಿಡದ ಪೂರ್ವಕ್ಕೆ ತಂತಿಯ ಮೇಲೆ ಹರಡಿದೆ. ಬಿಸಿಲು ಅದರೊಳಗಿಂದ ಸೋಸಿ ಬಂತು, ಬಟ್ಟೆಯಲ್ಲಿ ಹಾಲು ಸೋಸಿದ ಹಾಗೆ. ಹೂವಿನ ಒಂದೊಂದು ಎಸಳೂ ಬೇರೆ ಬೇರೆಯಾಗಿ ಕಂಡಿತು. ಹೊರಗಿನ ಎಸಳಿನಲ್ಲಿ ಹುಳು ತಿಂದ ಒಂದು ತೂತು. ಅದೂ ಕಂಡಿತು.

ಪಲ್ಲವಿಯ ಫೋನು ಹಿಡಿದು ಮಂಡಿಯೂರಿ ಕೂತೆ. ಅಷ್ಟು ಹತ್ತಿರ ಹೋದ ಮೇಲೆ ಮೂಸದೆ ಇರಲಾಗುತ್ತದೆಯೇ? ಮೂಸಿದೆ. (ಪೂಜೆಯ ಹೂವನ್ನು ಮೂಸಬಾರದೆಂದು ನಿಮಗೆ ಕೈಮೇಲೆ ಏಟು ಕೊಟ್ಟು ಕಲಿಸಿದವಳು ನಾನೇ. ಇದು ಪೂಜೆಗಲ್ಲವಲ್ಲ, ಫೋಟೊಗೆ ತಾನೇ?) ಅದೇ ಹೊತ್ತಿಗೆ ಬೆರಳು ಎಲ್ಲೋ ತಗುಲಿ ಕ್ಯಾಮೆರಾ ನನ್ನ ಕಡೆಗೇ ತಿರುಗಿಕೊಂಡಿತ್ತು. ಮೊದಲ ಫೋಟೊದಲ್ಲಿ ಬಂದದ್ದು ನನ್ನ ಮೂಗು, ಮೂಗಿನ ಕೆಳಗೆ ಸ್ವಲ್ಪ ಗುಲಾಬಿ. ಎರಡನೆಯದು ಚೆನ್ನಾಗಿ ಬಂತು.

ಪಲ್ಲವಿ ಮೊದಲನೆಯದನ್ನು ನೋಡಿ ಹಾಸಿಗೆಯಲ್ಲಿ ಉರುಳಾಡಿ ನಕ್ಕಳು. ಆಮೇಲೆ ಎರಡನೆಯದನ್ನು ಎಡಿಟ್ ಮಾಡಿ ತೋರಿಸಿದಳು. ಹೂವು ಮದುವೆ ಮನೆಯ ಪ್ಲಾಸ್ಟಿಕ್ ಹಾರದಿಂದ ಕಿತ್ತಂತಿತ್ತು. ತೂತು ಮಾಯ.

"ಇದು ನಮ್ ಊವಲ್ಲ ಕಣೇ. ಆ ತೂತೆಲ್ಲೋಯ್ತು?"

"ತೂತು ಯಾರಿಗ್ ಬೇಕಜ್ಜೀ?"

"ನಂಗ್ ಬೇಕು. ಬಣ್ಣಾನೂ ಇದಲ್ಲ."

"ಮತ್ಯಾವ್ದು ಏಳು?"

ಹೂವಿನ ಪಕ್ಕದಲ್ಲೇ ಫೋನು ಹಿಡಿದು ಬಣ್ಣ ಹೊಂದಿಸೋಣವೆಂದು ಇಬ್ಬರೂ ಹೊರಗೆ ಹೋದೆವು. ಗಿಡದಲ್ಲಿ ತೊಟ್ಟು ಮಾತ್ರ ಇತ್ತು.

ನಮ್ಮ ಲೈನಿನಲ್ಲಿ, ಅಂದರೆ ಗಣಿಯವರ ಕಾಲದ ಈ ಸಾಲುಮನೆಗಳಲ್ಲಿ, ಕಾಂಪೌಂಡಿನ ಹೂವು ಪೂಜೆಗೆ ಎಲ್ಲರದ್ದು. ಕೇಳುವ ಪದ್ಧತಿಯಿಲ್ಲ. ನಾನೂ ಎಷ್ಟೋ ಮನೆಯ ದಾಸವಾಳ ಕಿತ್ತಿದ್ದೇನೆ. ನಮ್ಮ ಗಿಡಕ್ಕೆ ಕೈ ಎಟಕುವುದು ಪಕ್ಕದ ಮನೆ ಸೆಲ್ವಿಗೆ.

ಬೇರೆಯವರ ಬಾಗಿಲು ತಟ್ಟಿ ಏನನ್ನಾದರೂ ಕೇಳುವುದೆಂದರೆ ಅದು ಈ ವಯಸ್ಸಿನಲ್ಲೂ ನನ್ನಿಂದಾಗದ ಕೆಲಸ. ಪಲ್ಲವಿಯೇ ತಟ್ಟಿದಳು, ಸೆಲ್ವಿ ತೆರೆದಳು.

"ವಾಂಗಕ್ಕಾ, ಬನ್ನಿ ಬನ್ನಿ! ಇದೇನ್ ಮುಂದ್ಗಡೆ ಬಾಗ್ಲಿಂದ?"

"ನಮ್ ಗುಲಾಬಿ..." ಎಂದೆ.

"ಮುರುಗನ್‌ಗೆ ಇಟ್ಟೆ ಅಕ್ಕಾ. ವಾಪಸ್ ಕೇಳಕ್ ಬಂದ್ರಾ?" ನಕ್ಕಳು. ತಕ್ಷಣವೇ ನಗು ನಿಂತಿತು. "ಮಗಳ್ನ ಬೆಳಗಿನ್ ಜಾವ ಎರಿಗೆಗೆ ಅಂತ ಆಸ್ಪತ್ರೆಗೆ ಸೇರ್ಸವ್ರೆ. ಎರಡ್ ಸಲ ಕೈತಪ್ಪೋಯ್ತಲ್ಲಕ್ಕಾ, ಇದು ಮೂರ್ನೇದು. ಅದಕ್ಕೇ ಒಳ್ಳೇ ಊವಾಗಿ ನೋಡಿ ಕಿತ್ತೆ."

ಅಡುಗೆಮನೆಯ ಗೂಡಿನಲ್ಲಿ ಮುರುಗನ ಪಟ. ಅದರ ಮೇಲೆ ನಮ್ಮ ಹೂವು, ತೂತಿನ ಸಮೇತ. ಟ್ಯೂಬ್‌ಲೈಟಿನಲ್ಲಿ ಬಣ್ಣ ಸತ್ತಿತ್ತು. ಲೈಟು ಆರಿಸಿ ಕಿಟಕಿ ತೆರೆದೆವು. ಹೂವನ್ನು ಮುಟ್ಟದೆ ಪಲ್ಲವಿ ಫೋನನ್ನು ಪಕ್ಕಕ್ಕೆ ಹಿಡಿದು ಬೆರಳು ಎಳೆಯುತ್ತಾ ಹೋದಳು. "ಕೆಂಪು ಕಮ್ಮಿ ಮಾಡು. ಇನ್ನೊಸಿ ಹಳ್ದಿ. ಸಾಕು, ಸಾಕು." ಬಣ್ಣ ಕೂತಿತು. ಹೂವು ಎರಡಾಗಿತ್ತು.

ಸೆಲ್ವಿ ನಮ್ಮ ನಡುವೆ ತಲೆ ತೂರಿಸಿದಳು. "ಅಪ್ಪಡಿಯೇ, ಅಂಗೇ ಇದೆ! ಇಷ್ಟ್ ಅತ್ರ ಓಗಿ ತೆಗ್ದಿದೀರಾ?" ನನ್ನ ಮುಖ ನೋಡಿದಳು. "ಅಕ್ಕಾ... ಮೂಸಿಲ್ಲ ತಾನೇ?"

ಮೂಸಿದ ಹೂವು ದೇವರಿಗೆ ಸಲ್ಲದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಪಲ್ಲವಿಯ ಬೆರಳು ಫೋನಿನ ಮೇಲೆಯೇ ಇತ್ತು. ಒಂದು ಸಲ ಆಚೆಗೆ ಸರಿದರೆ ನನ್ನ ಮೂಗು.

"ಇಲ್ಲಮ್ಮ," ಎಂದೆ. ಬೇರೆಯವರ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿದವಳಲ್ಲ.

ಪಲ್ಲವಿ ಫೋನನ್ನು ಜೇಬಿಗಿಟ್ಟುಕೊಂಡಳು.

ಮಧ್ಯಾಹ್ನ ಸೆಲ್ವಿ ಕಾಂಪೌಂಡಿನ ಆಚೆಯಿಂದಲೇ ಕೂಗಿದಳು. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಕ್ಷೇಮ. "ಎಲ್ಲಾ ನಿಮ್ಮ ಊವಿಂದ ಅಕ್ಕಾ!" ನಾನು ತಲೆಯಾಡಿಸಿದೆ. ದೇವರು ಮೂಸಿದ ಹೂವನ್ನೂ ಒಪ್ಪುತ್ತಾನೋ, ಆವತ್ತು ಗಮನಿಸಲಿಲ್ಲವೋ, ಅಥವಾ ಹೂವಿಗೂ ಹೆರಿಗೆಗೂ ಸಂಬಂಧವೇ ಇಲ್ಲವೋ? ನನಗೆ ತಿಳಿಯದು.

ಫೋಟೊ ನಿಮಗೆಲ್ಲ ವಾಟ್ಸಾಪಿನಲ್ಲಿ ಬಂದಿದೆ. ಬಣ್ಣ ಅದೇ, ನಂಬಿ. ನಾನು ಹಟ ಮಾಡಿ ವಾಪಸ್ ಹಾಕಿಸಿದ ತೂತೂ ಇದೆ. ಸೆಲ್ವಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟೆಲ್ಲ ಬರೆದೆ. ನೀವು ಬಂದಾಗ ಬಾಯಿ ಬಿಡಬೇಡಿ.

ಆವತ್ತು ಮನೆಗೆ ಬಂದವಳೇ ಪಲ್ಲವಿಗೆ ಹೇಳಿ ಆ ಮೊದಲ ಫೋಟೊವನ್ನು ಅಳಿಸಿಹಾಕಿಸಿದೆ. ಅವಳು ಅಳಿಸಿ, ನಗದೆ ಕೇಳಿದಳು:

"ಊವಿನ್ ತೂತು ಇರ್ಲಿ ಅಂದೆ, ನಿನ್ ಮೂಗ್ ಮಾತ್ರ ಯಾಕಜ್ಜೀ ಬ್ಯಾಡ?"